ಫಿಯಟ್ ಕಾರಿನ ಹೊಸ್ತಿಲು

"ಕೈ ತೆಗೀರಿ ಮೇಡಂ! ಅದನ್ನ ಮುಟ್ಬೇಡಿ!"

ಎತ್ತಿದ ಸುತ್ತಿಗೆ ಎತ್ತಿದ ಹಾಗೆಯೇ ನಿಂತಿತು. ಅಕ್ಷತ ನಿಧಾನವಾಗಿ ತಿರುಗಿ ನೋಡಿದಳು.

ನೆಲಮಂಗಲದ ಹೆದ್ದಾರಿ ಪಕ್ಕದ ಆ ಶೆಡ್ಡಿನ ಮುಂದೆ ಟೋಯಿಂಗ್ ಗಾಡಿ ಆಗಷ್ಟೇ ಒಂದು ಹಳೇ ಫಿಯಟ್ ಕಾರನ್ನು ಇಳಿಸಿ ಹೋಗಿತ್ತು. ಅದನ್ನು ಕಾರು ಅನ್ನುವುದಕ್ಕೂ ಧೈರ್ಯ ಬೇಕು! ಮೇಲಿನ ತಗಡು ನಡುವೆ ತೊಟ್ಟಿಲಿನ ಹಾಗೆ ಕುಸಿದಿತ್ತು. ಮುಂದಿನ ಗಾಜು ಪುಡಿಪುಡಿ. ಎಡಗಡೆಯ ಹಿಂದಿನ ಬಾಗಿಲು ಹರಿದ ಚಪ್ಪಲಿಯಂತೆ ಜೋತಾಡುತ್ತಿತ್ತು. ಇಂಥದ್ದನ್ನು ಮುಟ್ಟಬೇಡಿ ಅಂತ ಯಾರಾದರೂ ಕೂಗುತ್ತಾರೆಯೇ?

ಕೂಗಿದವನಿಗೆ ಮೂವತ್ತರ ಆಸುಪಾಸು. ಇಸ್ತ್ರಿ ಮಾಡಿದ ಅಂಗಿ, ತೋಳಿಗೆ ಅಂಟಿಕೊಂಡ ಎರಡು ಮೂರು ರೇಷ್ಮೆ ಎಳೆ. ಆದರೆ ಕಣ್ಣು ಮಾತ್ರ... ಜ್ವರದ ಮಗುವನ್ನು ಡಾಕ್ಟರ ಮುಂದೆ ಮಲಗಿಸಿ ನಿಂತ ಅಪ್ಪನ ಕಣ್ಣು!

"ಗೋಪಾಲಪ್ಪನೋರು ಎಲ್ಲಿ? ಅವ್ರನ್ನ ಬಿಟ್ಟು ಬೇರೆ ಯಾರ ಕೈಗೂ ಕೊಡ್ಬೇಡ ಅಂತ ನಮ್ಮಜ್ಜಿ ಹೇಳಿ ಕಳ್ಸಿದ್ದಾರೆ."

"ಅಪ್ಪ ಜಡಿಗೇನಹಳ್ಳಿಗೆ, ಅತ್ತೆ ಮನೆಗೆ ಹೋಗಿದ್ದಾರೆ. ಬರೋದು ಶುಕ್ರವಾರ."

"ಹಂಗಾದ್ರೆ ಅವ್ರ ಮಗನ್ನ ಕರೀರಿ."

ಅಕ್ಷತ ಸುತ್ತಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡಳು. ಈ ಪ್ರಶ್ನೆ ಅವಳಿಗೆ ಹೊಸದಲ್ಲ. ಎಂಟು ವರ್ಷದಲ್ಲಿ ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ.

"ಗೋಪಾಲಪ್ಪನಿಗೆ ಮಗ ಇಲ್ಲ ಸರ್. ಅಪ್ಪನ ಭುಜ ಬಿದ್ದುಹೋದ ಮೇಲೆ ಇಲ್ಲಿ ಸುತ್ತಿಗೆ ಹಿಡಿದಿರೋಳು ನಾನೇ. ಬೇಡ ಅಂದ್ರೆ ಹೇಳಿ, ಟೋಯಿಂಗ್ ಗಾಡಿ ಇನ್ನೂ ಟೋಲ್ ದಾಟಿರಲ್ಲ."

ಅವನ ಮುಖ ಪೆಚ್ಚಾಯಿತು. "ಅಲ್ಲ... ನೀವು ಹೊಡೆಯೋಕೆ ಹೋಗ್ತಿದ್ರಲ್ಲ, ಅದಕ್ಕೆ..."

"ಹೊಡೆಯೋಕಲ್ಲ, ಕೇಳೋಕೆ."

ಅವಳು ಸುತ್ತಿಗೆ ತಿರುಗಿಸಿ, ಮರದ ಹಿಡಿಯಿಂದ ಕಾರಿನ ಮೈಯನ್ನು ಮೆಲ್ಲಗೆ ತಟ್ಟಿದಳು. ಟಣ್. ಒಂದು ಗೇಣು ಆಚೆ, ಟಣ್. ಇನ್ನೊಂದು ಗೇಣು ಆಚೆ... ಡಬ್.

"ಗಟ್ಟಿ ತಗಡು ಒಂದು ಥರ ಮಾತಾಡುತ್ತೆ, ತುಕ್ಕು ತಿಂದಿದ್ದು ಒಂದು ಥರ," ಎಂದಳು.

ಅವನು ಉಸಿರು ಬಿಗಿಹಿಡಿದು ಕೇಳಿಸಿಕೊಂಡ. ಆಮೇಲೆ ತಲೆಯೆತ್ತಿ ಶೆಡ್ಡಿನ ಬೋರ್ಡು ಓದಿದ. 'ಗೋಪಾಲಪ್ಪ ಟಿಂಕರಿಂಗ್ ವರ್ಕ್ಸ್. ತಗಡಿಗೆ ತಗಡೇ.'

ಆ ಎರಡು ಪದ ಗೋಪಾಲಪ್ಪನ ಜೀವಮಾನದ ಹೆಮ್ಮೆ. ತಗಡು ಹೋದ ಕಡೆ ತಗಡನ್ನೇ ಕೂರಿಸುತ್ತೇವೆ, ಪುಟ್ಟಿ ಮೆತ್ತಿ ಬಣ್ಣ ಬಳಿದು ಕಳಿಸುವುದಿಲ್ಲ ಎಂದು ಅರ್ಥ. ಅಪ್ಪನ ಹೆಮ್ಮೆಯೇ ಮಗಳ ಹೆಮ್ಮೆ. ಆ ಬೋರ್ಡಿಗೆ ವರ್ಷಕ್ಕೊಮ್ಮೆ ಹೊಸ ಬಣ್ಣ ಹೊಡೆಯುವವಳೂ ಅವಳೇ.

"ಕಾರು ಉಳಿಯುತ್ತಾ ಮೇಡಂ?" ಈಗ ದನಿ ಮೆತ್ತಗಾಗಿತ್ತು.

"ನಮ್ಮ ಶೆಡ್ಡಲ್ಲಿ ಮೂರು ದಿನ ನೋಡದೆ ಮಾತು ಕೊಡಲ್ಲ. ಬುಧವಾರ ಹೇಳ್ತೀನಿ."

* * *

ಅವನ ಹೆಸರು ಬೈರೇಶ್. ದೊಡ್ಡಬಳ್ಳಾಪುರದ ಪಕ್ಕದ ಗುಂಡಸಂದ್ರದವನು. ಮನೆ ಪಕ್ಕದಲ್ಲೇ ಆರು ಪವರ್‌ಲೂಮ್ ಇಟ್ಟುಕೊಂಡು ರೇಷ್ಮೆ ಸೀರೆ ನೇಯುತ್ತಿದ್ದ. ತಂಗಿ ಸಿಂಚನಳ ಮದುವೆ ಶ್ರಾವಣದಲ್ಲಿ ಎಂದು ಗೊತ್ತಾಗಿತ್ತು. ಗೊತ್ತಾದ ಮೂರನೇ ದಿನವೇ ಗಾಳಿಗೆ ಮನೆ ಮುಂದಿನ ಹೊಂಗೆ ಮರದ ಕೊಂಬೆ ಮುರಿದು ಕಾರಿನ ಮೇಲೆ ಬಿದ್ದಿತ್ತು.

"ಕಾರಿಗೆ ಅಷ್ಟೊಂದು ಯಾಕೆ ಯೋಚನೆ? ಮದುವೆಗೆ ಬೇರೆ ಕಾರು ಸಿಗಲ್ವಾ?" ಮಂಗಳವಾರ ಅಕ್ಷತ ಕೇಳಿದಳು. ಬರಬೇಡಿ, ಫೋನ್ ಮಾಡ್ತೀನಿ ಅಂದಿದ್ದರೂ ಆಸಾಮಿ ಬೆಳಗ್ಗೆ ಒಂಬತ್ತಕ್ಕೇ ಹಾಜರಾಗಿದ್ದ!

"ಸಿಗುತ್ತೆ. ಆದ್ರೆ ನಮ್ಮೂರ ಹೆಣ್ಣುಮಕ್ಕಳು ಹತ್ತಲ್ಲ."

"ಅಂದ್ರೆ?"

ಬೈರೇಶ್ ನಕ್ಕ. ನಕ್ಕಾಗ ಎಡಗೆನ್ನೆಯಲ್ಲಿ ಸಣ್ಣ ಕುಳಿ ಬೀಳುವುದನ್ನು ಅಕ್ಷತ ನೋಡಿಯೂ ನೋಡದ ಹಾಗೆ ಜಾಕಿನ ಕಡೆ ಬಗ್ಗಿದಳು.

"ನಮ್ಮ ತಾತ ಆದಿನಾರಾಯಣಪ್ಪ ಎಪ್ಪತ್ಮೂರರಲ್ಲಿ ಇದನ್ನ ತಂದ್ರು. ಊರಿಗೇ ಮೊದಲನೇ ಕಾರು. ಮರುವರ್ಷ ನಮ್ಮಜ್ಜಿ ನರಸಮ್ಮ ಮದುವೆಯಾಗಿ ಇದ್ರಲ್ಲೇ ಊರಿಗೆ ಬಂದಿದ್ದು. ಆಮೇಲೆ ಅಜ್ಜಿ ಒಂದು ಮಾತು ಹೇಳ್ಬಿಟ್ರು. ಈ ಊರಿಂದ ಯಾವ ಹೆಣ್ಣುಮಗಳೂ ಲಾರಿಲಿ, ಟೆಂಪೋಲಿ ಕೂತು ಗಂಡನ ಮನೆಗೆ ಹೋಗ್ಬಾರ್ದು, ರಾಣಿ ಥರ ಹೋಗ್ಬೇಕು ಅಂತ. ಯಾರ ಮನೆ, ಯಾವ ಜಾತಿ ಅಂತ ಕೇಳಿಲ್ಲ. ಇಲ್ಲಿವರೆಗೆ ನಲವತ್ತೊಂದು ಜನ ಹೋಗಿದ್ದಾರೆ. ಸಿಂಚನ ನಲವತ್ತೆರಡನೆಯೋಳು."

ಅಕ್ಷತ ಕಾರಿನ ಕಡೆ ನೋಡಿದಳು. ನಲವತ್ತೊಂದು ಮದುವಣಗಿತ್ತಿಯರು! ಅಷ್ಟು ಜನರ ಅಳು, ನಗು, ಬಳೆ ಸದ್ದು ಎಲ್ಲ ಈ ಹರಿದ ಸೀಟಿನಲ್ಲಿ... ಅವಳಿಗರಿವಿಲ್ಲದೆಯೇ ಕೈ ಹೋಗಿ ಕಾರಿನ ಬೆನ್ನು ಸವರಿತು.

"ಅದ್ಸರಿ, ಮೈಯೆಲ್ಲ ಇಷ್ಟು ಗಟ್ಟಿ ಇದೆ. ಎಡಗಡೆ ಹಿಂದಿನ ಬಾಗಿಲ ಕೆಳಗೆ ಮಾತ್ರ ಯಾಕೆ ಇಷ್ಟು ತುಕ್ಕು?"

"ಅದಾ? ಅದು ಹೊಸ್ತಿಲು," ಬೈರೇಶ್ ಸಹಜವಾಗಿ ಹೇಳಿದ. "ಹುಡುಗಿ ಕಾಲಿಟ್ಟು ಹತ್ತೋ ಜಾಗ ಅಲ್ವಾ. ತಾಯಿಯಾದೋಳು ಅದಕ್ಕೆ ಅರಿಶಿನ ಹಚ್ಚಿ, ಕುಂಕುಮ ಇಟ್ಟು, ಒಂದು ಚೊಂಬು ಹಾಲು ಹುಯ್ದು, ಆಮೇಲೆ ಮಗಳನ್ನ ಹತ್ತಿಸ್ತಾಳೆ."

"ಹಾಲಾ?! ತಗಡಿನ ಮೇಲಾ?!"

"ಹೂಂ... ಯಾಕೆ?"

"ಅಯ್ಯೋ ದೇವ್ರೇ! ಐವತ್ತು ವರ್ಷದಿಂದ ಹಾಲು ಒಳಗಿಳಿದು ಅಲ್ಲೇ ಹುಳೀತಿದೆ ಕಣ್ರೀ! ತುಕ್ಕು ಹಿಡೀದೆ ಇನ್ನೇನು ಬೆಣ್ಣೆ ಬರುತ್ತಾ?"

ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಭಕ್ತಿ ಹೆಚ್ಚಾಗಿ ಕಾರು ಕೊಳೆಯಿತು ಎಂದರೆ ನಗದೆ ಇರುವುದು ಹೇಗೆ!

ಮಧ್ಯಾಹ್ನ ಅವಳು ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಒಂದು ಬೆರಳಗಲ ಬಣ್ಣ ಕೆರೆದಳು. ಮೇಲೆ ಬಿಳಿ, ಅದರ ಕೆಳಗೆ ಕಪ್ಪು, ಕೆನೆ ಬಣ್ಣ, ಮತ್ತೆ ಬಿಳಿ... ಎಲ್ಲದರ ತಳದಲ್ಲಿ ಆಗತಾನೇ ಬಿಚ್ಚಿದ ಬಾಳೆ ಸುಳಿಯ ಹಸಿರು.

"ಇದೇ ಇದರ ಹುಟ್ಟುಬಣ್ಣ," ಎಂದಳು ಪಿಸುದನಿಯಲ್ಲಿ.

ಬೈರೇಶ್ ಬಗ್ಗಿ ನೋಡಿದ. ಇಬ್ಬರ ತಲೆಯೂ ಒಂದೇ ಕಿಟಕಿಯಲ್ಲಿ ಹತ್ತಿರ ಬಂದವು. ಅವನ ಅಂಗಿಯಿಂದ ಹೊಸ ಸೀರೆಯ ಗಂಜಿಯ ವಾಸನೆ ಬರುತ್ತಿತ್ತು.

"ಈ ಬಣ್ಣದ ನೂಲು ಎಲ್ಲೂ ಸಿಗಲ್ಲ. ಬೇಕು ಅಂದ್ರೆ ಹೇಳಿ ಬಣ್ಣಕ್ಕೆ ಹಾಕಿಸ್ಬೇಕು," ಎಂದ ತನಗೆ ತಾನೇ.

ಅವತ್ತು ಸಂಜೆ ಶೆಡ್ಡು ಮುಚ್ಚುವಾಗ ಅಕ್ಷತಳಿಗೆ ಒಂದು ವಿಷಯ ನೆನಪಾಯಿತು. ಅವನು ಬೈಕನ್ನು ಹೆದ್ದಾರಿಯಲ್ಲೇ ಆಫ್ ಮಾಡಿ, ಶೆಡ್ಡಿನವರೆಗೆ ತಳ್ಳಿಕೊಂಡು ಬಂದಿದ್ದ. ಯಾಕೆಂದು ಕೇಳಿದರೆ, "ನೀವು ತಟ್ಟಿ ಕೇಳ್ತಾ ಇರ್ತೀರಲ್ಲ, ಸದ್ದು ಮಾಡ್ಬಾರ್ದು ಅಂತ. ಮಗ್ಗದಲ್ಲೂ ಹಂಗೇ. ಒಂದು ಎಳೆ ಹರಿದ್ರೆ ಮೊದಲು ಕಿವಿಗೇ ಗೊತ್ತಾಗೋದು," ಅಂದಿದ್ದ.

ಎಂಟು ವರ್ಷದಲ್ಲಿ ಅವಳ ಕೆಲಸಕ್ಕೆ ಯಾರೂ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ. 'ಅಕ್ಷತ, ಇದು ಬರೀ ಗಿರಾಕಿ ಕಣೇ... ಹುಚ್ಚುಕುದುರೆ ಏರಬೇಡ,' ಎಂದು ತನ್ನನ್ನು ತಾನೇ ಗದರಿಸಿಕೊಂಡಳು. ಕುದುರೆ ಕೇಳಬೇಕಲ್ಲ!

* * *

ಬುಧವಾರ. ಉಳಿದಿದ್ದು ಕೊನೆಯ ಪರೀಕ್ಷೆ.

ಅಕ್ಷತ ಬಟ್ಟೆಯಲ್ಲಿ ಸುತ್ತಿದ ಮ್ಯಾಗ್ನೆಟ್ ಹಿಡಿದು ಕಾರಿನ ಸುತ್ತ ಹೊರಟಳು. ತಗಡಿದ್ದ ಕಡೆ ಮ್ಯಾಗ್ನೆಟ್ ಟಪ್ಪನೆ ಹಿಡಿಯುತ್ತದೆ, ಪುಟ್ಟಿ ಮೆತ್ತಿದ್ದರೆ ಜಾರಿ ಬೀಳುತ್ತದೆ. ಟಿಂಕರ್‌ಗಳಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಬಾನೆಟ್ಟು, ಟಪ್. ಬಲಗಡೆ ಪೂರ್ತಿ, ಟಪ್. ಕಂಬಗಳೂ ಗಟ್ಟಿ! ಅವಳ ಮುಖ ಅರಳಿತು. 'ಉಳಿಯುತ್ತೆ ಅಂತ ಹೇಳ್ತೀನಿ. ಆ ಗುಳಿ ಬೀಳೋ ಕೆನ್ನೆ ನೋಡ್ಬೇಕು...'

ಕೊನೆಗೆ ಹೊಸ್ತಿಲು. ತುಕ್ಕಿನ ನಡುವೆ ಒಂದು ಮೊಳದಷ್ಟು ಜಾಗ ಮಾತ್ರ ನುಣ್ಣಗೆ ಚೆನ್ನಾಗಿತ್ತು. ಅಲ್ಲಿಟ್ಟಳು.

ಮ್ಯಾಗ್ನೆಟ್ ಜಾರಿತು.

ಮತ್ತೆ ಇಟ್ಟಳು. ಮತ್ತೆ ಜಾರಿತು.

ಪುಟ್ಟಿ! ಮದುವಣಗಿತ್ತಿ ಕಾಲಿಡುವ ಜಾಗದಲ್ಲೇ ಯಾವನೋ ತೂತಿಗೆ ಪುಟ್ಟಿ ತುಂಬಿ ಕಳಿಸಿದ್ದಾನೆ! ಅವಳಿಗೆ ಮೈ ಉರಿದುಹೋಯಿತು. ಯಾರವನು ಎಂದು ಟಾರ್ಚು ಹಿಡಿದು ಕೆಳಗೆ ತೂರಿದಳು.

ಹೊಸ್ತಿಲ ಒಳಮೈಯಲ್ಲಿ ಸಾಲಾಗಿ ಮೂರು ಚುಕ್ಕೆ. ಉಳಿಯಿಂದ ಕುಟ್ಟಿದ ಮೂರು ಚುಕ್ಕೆ.

ಅದು ಅವಳ ಅಪ್ಪನ ಗುರುತು.

ಅಕ್ಷತ ಕಾರಿನಡಿಯಲ್ಲೇ ಅಂಗಾತ ಮಲಗಿಬಿಟ್ಟಳು. 'ಅಪ್ಪಾ... ನೀನಾ? ತಗಡಿಗೆ ತಗಡೇ ಅಂತ ಬೋರ್ಡ್ ಹಾಕಿದ ನೀನಾ?' ಒಂದು ಸಲ ಕೆರೆದು ನೋಡಿದ್ದರೆ ಆಗುತ್ತಿತ್ತು. ಪಕ್ಕದಲ್ಲೇ ಚಾಕು ಇತ್ತು. ಆದರೆ ಕೈ ಮೇಲೇಳಲಿಲ್ಲ. ಕೆರೆದ ಮೇಲೆ ಪುಟ್ಟಿಯೇ ಉದುರಿದರೆ? ಆಮೇಲೆ ಆ ಬೋರ್ಡಿಗೆ ಯಾವ ಮುಖದಿಂದ ಬಣ್ಣ ಹೊಡೆಯುವುದು? ಕೆಲಸಕ್ಕೆ ಕೈ ಹಾಕಿದರೆ ಹೊಸ್ತಿಲು ಬಿಚ್ಚಲೇಬೇಕು, ಪಕ್ಕದಲ್ಲೇ ನಿಂತಿರುವ ಬೈರೇಶ್‌ನ ಕಣ್ಣಿಗೆ ಅದು ಬೀಳದೆ ಇರುವುದಿಲ್ಲ.

ಫೋನ್ ಮಾಡಿ ಕೇಳೋಣವೆಂದರೆ, ನಲವತ್ತು ವರ್ಷ ಸುತ್ತಿಗೆ ಸದ್ದು ಕೇಳಿ ಕೇಳಿ ಗೋಪಾಲಪ್ಪನ ಕಿವಿ ಮುಕ್ಕಾಲು ಕಿವುಡಾಗಿತ್ತು.

ಹೊರಗೆ ಬೈಕು ತಳ್ಳಿಕೊಂಡು ಬರುವ ಸದ್ದು. ಅವಳು ಕಣ್ಣೊರೆಸಿಕೊಂಡು ಎದ್ದು ನಿಂತಳು.

"ಹೇಳಿ ಮೇಡಂ! ಬೆಳಗ್ಗಿಂದ ಅಜ್ಜಿ ದೇವ್ರಿಗೆ ದೀಪ ಹಚ್ಚಿ ಕೂತಿದ್ದಾರೆ," ಬೈರೇಶ್‌ನ ಮುಖದಲ್ಲಿ ಹಬ್ಬ.

"ಉಳಿಯಲ್ಲ."

"...ಏನು?"

"ಗುಜರಿಗೆ ಹಾಕಿ. ಕೈ ಇಡೋದು ದಂಡ."

ಅವನು ನಂಬಲಾರದೆ ಅವಳನ್ನೇ ನೋಡಿದ. "ನಿನ್ನೆ ಗಟ್ಟಿ ಇದೆ ಅಂದ್ರಿ. ಹುಟ್ಟುಬಣ್ಣ ತೋರ್ಸಿದ್ರಿ. ಏನಾಯ್ತು? ಎಲ್ಲಿ ಹೋಗಿದೆ ಅಂತಾನಾದ್ರೂ ಹೇಳಿ."

"ಹೇಳೋಕೇನಿಲ್ಲ. ಉಳಿಯಲ್ಲ ಅಂದ್ರೆ ಉಳಿಯಲ್ಲ!"

"ಮಗ್ಗದಲ್ಲಿ ಎಳೆ ಹರಿದ್ರೆ ನಾವು ಎಲ್ಲಿ ಅಂತ ಹುಡುಕ್ತೀವಿ ಮೇಡಂ. ಸೀರೆ ಎತ್ತಿ ಬಿಸಾಕಲ್ಲ."

ಅವಳು ಮುಖ ತಿರುಗಿಸಿದಳು. ಅವನ ದನಿ ಬಿಗಿಯಾಯಿತು.

"ನನ್ನ ಸ್ನೇಹಿತ ಉಮಾಶಂಕರ್ ಮೊದಲೇ ಹೇಳಿದ್ದ. ಗ್ಯಾರೇಜಿನೋರು ಹಳೇ ಕಾರಿಗೆ ಜೀವ ಇಲ್ಲ ಅಂತಾರೆ, ಗುಜರಿ ರೇಟಿಗೆ ತಾವೇ ತಗೊಂಡು, ರೆಡಿ ಮಾಡಿ ಬೆಂಗಳೂರಿನ ಶೋಕಿದಾರರಿಗೆ ಮಾರ್ತಾರೆ ಅಂತ. ನಾನು ನಂಬಿರ್ಲಿಲ್ಲ..."

ಚಟೀರನೆ ಕೆನ್ನೆಗೆ ಹೊಡೆದಂತಾಯಿತು. ಅಕ್ಷತ ತುಟಿ ಕಚ್ಚಿದಳು. ನಿಜ ಹೇಳಿದರೆ ಅಪ್ಪನ ಮಾನ ಹೋಗುತ್ತದೆ, ಹೇಳದಿದ್ದರೆ ತನ್ನದು. ಅವಳು ಉಳಿಸಲು ಆರಿಸಿಕೊಂಡದ್ದು ಅಪ್ಪನದನ್ನು.

"ಶುಕ್ರವಾರ ಬಂದು ತಗೊಂಡ್ಹೋಗಿ," ಎಂದಷ್ಟೇ ಹೇಳಿದಳು.

"ಇಲ್ಲಿಂದ ನೇರ ಗುಜರಿಗೇ ಹೋಗುತ್ತೆ. ವಾಪಸ್ ಊರಿಗೆ ತಗೊಂಡ್ಹೋಗಿ ಅಜ್ಜಿ ಕಣ್ಣಿಗೆ ತೋರ್ಸೋಕೆ ನನ್ನ ಕೈಲಾಗಲ್ಲ."

ಈ ಸಲ ಅವನು ಬೈಕನ್ನು ತಳ್ಳಲಿಲ್ಲ. ಶೆಡ್ಡಿನ ಮುಂದೆಯೇ ಸ್ಟಾರ್ಟ್ ಮಾಡಿ, ಸದ್ದು ಮಾಡಿಕೊಂಡು ಹೋದ.

* * *

ಶುಕ್ರವಾರ ಬೆಳಗ್ಗೆ ಗೋಪಾಲಪ್ಪ ಊರಿಂದ ಬಂದವನೇ ಶೆಡ್ಡಿನ ಕಡೆ ನಡೆದ. ಫಿಯಟ್ ಕಂಡದ್ದೇ ನಿಂತುಬಿಟ್ಟ.

"ಲೇ ಅಕ್ಷು! ಇದು ಗುಂಡಸಂದ್ರದ ಆದಿನಾರಾಯಣಪ್ಪನೋರ ಕಾರಲ್ವೇನೇ?"

ಎರಡು ದಿನದಿಂದ ಅನ್ನ ಸೇರದ ಅಕ್ಷತಳ ಕಣ್ಣು ಊದಿಕೊಂಡಿದ್ದವು. ಇನ್ನು ತಡೆದುಕೊಳ್ಳಲು ಆಗಲಿಲ್ಲ. ಕೇಳಿಯೇ ತೀರಬೇಕು. ಆದರೆ ಈ ಮನೆಯಲ್ಲಿ ಗುಟ್ಟು ಕೇಳುವುದೇ ಒಂದು ಫಜೀತಿ!

"ಅಪ್ಪಾ, ಇದಕ್ಕೆ ಪುಟ್ಟಿ ತುಂಬಿದ್ಯಾ?" ಮೆಲ್ಲಗೆ ಕೇಳಿದಳು.

"ಏನು? ರೊಟ್ಟಿ ತಿಂದ್ಯಾ ಅಂತಾನಾ? ಹೂಂ, ನಿಮ್ಮತ್ತೆ ಮಾಡಿದ್ಲು."

"ಪುಟ್ಟಿ! ಪುಟ್ಟಿ ತುಂಬಿದ್ಯಾ ಅಂದೆ!"

"ಜೋರಾಗಿ ಹೇಳೇ ಮಾರಾಯ್ತಿ!"

ಅಕ್ಷತ ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕಿರುಚಿದಳು. "ಈ ಕಾರಿನ ಹೊಸ್ತಿಲಿಗೆ ನೀನು ಪುಟ್ಟಿ ತುಂಬಿ ಮೋಸ ಮಾಡಿದ್ಯಾ ಅಪ್ಪಾ?! ನಿನ್ನ ಗುರುತಿದೆ! ಮ್ಯಾಗ್ನೆಟ್ ಹಿಡೀತಿಲ್ಲ! ಅದಕ್ಕೇ ನಾನು ಕಾರು ಉಳಿಯಲ್ಲ ಅಂತ ಸುಳ್ಳು ಹೇಳ್ದೆ! ನಿನ್ನ ಹೆಸರು ಕೆಡ್ಬಾರ್ದು ಅಂತ... ಅವ್ರು ನನ್ನನ್ನೇ ಕಳ್ಳಿ ಅಂದ್ಕೊಂಡ್ರೂ ಬಾಯಿ ಬಿಡ್ಲಿಲ್ಲ!"

ಹೆದ್ದಾರಿಯ ಲಾರಿ ಸದ್ದನ್ನೂ ಮೀರಿಸಿದ ಕೂಗು ಅದು. ಕೂಗಿ ಮುಗಿದ ಮೇಲೆ ಅವಳಿಗೆ ಅರಿವಾಯಿತು... ಶೆಡ್ಡಿನ ಬಾಗಿಲಲ್ಲಿ ಬೈರೇಶ್ ನಿಂತಿದ್ದ! ಅವನ ಹಿಂದೆ ಗುಜರಿಯವನ ಖಾಲಿ ಕ್ಯಾಂಟರ್.

ಗೋಪಾಲಪ್ಪ ಮಗಳನ್ನು ಒಂದು ಗಳಿಗೆ ನೋಡಿದ. ಚಾಕು ಎತ್ತಿಕೊಂಡು, ಮೊಣಕಾಲೂರಿ ಕೂತು, ಹೊಸ್ತಿಲನ್ನು ಕೆರೆಯತೊಡಗಿದ. ಬಿಳಿ ಬಣ್ಣ ಉದುರಿತು, ಕಪ್ಪು ಉದುರಿತು...

ಒಳಗಿಂದ ಹಳದಿ ಹೊಳೆಯಿತು.

"ಪುಟ್ಟಿಯಂತೆ ಪುಟ್ಟಿ! ಹಿತ್ತಾಳೆ ಕಣೇ ಇದು! ಹಿತ್ತಾಳೆಗೆ ಯಾವ ಕಾಲಕ್ಕೆ ಮ್ಯಾಗ್ನೆಟ್ ಹಿಡಿದಿತ್ತು?"

ಅಕ್ಷತ ಬಗ್ಗಿ ಆ ಹಳದಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಕರೆಂಟಿನ ಬೆಸುಗೆಯಲ್ಲೇ ಕೆಲಸ ಕಲಿತವಳು ಅವಳು. ಕಾರಿನ ಮೈಗೆ ಹಿತ್ತಾಳೆ ಬೆಸೆದದ್ದನ್ನು ಕಂಡೇ ಇರಲಿಲ್ಲ.

"ಬಾರಪ್ಪಾ, ನೀನು ಆದಿನಾರಾಯಣಪ್ಪನೋರ ಮೊಮ್ಮಗನಾ? ಅದೇ ಮೂಗು," ಗೋಪಾಲಪ್ಪ ಬೈರೇಶ್‌ನನ್ನು ಹತ್ತಿರ ಕರೆದ. "ನಿಮ್ಮ ಸೋದರತ್ತೆ ಮದುವೆ. ಹಿಂದಿನ ದಿನ ಟ್ರ್ಯಾಕ್ಟರ್ ಬಂದು ಗುದ್ದಿ ಹೊಸ್ತಿಲು ಇಷ್ಟಗಲ ಹರಿದೋಗಿತ್ತು. ಅವತ್ತು ಯುಗಾದಿ ಮಾರನೇ ದಿನ, ಹೊಸತೊಡಕು. ಊರೂರೆಲ್ಲ ಬಾಡೂಟದಲ್ಲಿ ಮುಳುಗೋಗಿತ್ತು, ಎಲ್ಲೂ ಒಂದಂಗ್ಡಿ ಬಾಗ್ಲು ತೆಗೆದಿರ್ಲಿಲ್ಲ. ನನ್ನತ್ರ ಗ್ಯಾಸಿತ್ತು, ಬೆಸೆಯೋ ಕಡ್ಡಿ ಇರ್ಲಿಲ್ಲ. ಡಬ್ಬದ ತುಂಬ ಪುಟ್ಟಿ ಇತ್ತು. ನಿಮ್ಮ ತಾತ, ಏನಾದ್ರೂ ತುಂಬೋ ಗೋಪಾಲ, ನಾಳೆ ಒಂದಿನ ತಡೆದ್ರೆ ಸಾಕು ಅಂದ್ರು."

"ಆಮೇಲೆ?" ಬೈರೇಶ್ ಕೂಗಿಯೇ ಕೇಳಿದ.

"ನಿಮ್ಮಜ್ಜಿ ಒಳಗಿಂದ ಬಂದ್ರು. ಹೊಸ್ತಿಲಿಗೆ ಹಾಲು ಹುಯ್ಯೋ ಹಿತ್ತಾಳೆ ಚೊಂಬನ್ನೇ ತಂದು ನನ್ನ ಮುಂದೆ ಇಟ್ಟು, ಹೆಣ್ಣುಮಗಳು ಕಾಲಿಡೋ ಜಾಗಕ್ಕೆ ಮಣ್ಣು ತುಂಬ್ತೀಯೇನೋ, ಇದನ್ನ ಕರಗ್ಸು ಅಂದ್ರು. ಆ ಚೊಂಬನ್ನ ಕತ್ತರಿಸಿ, ಪಟ್ಟಿ ಪಟ್ಟಿ ಮಾಡಿ, ಅದ್ರಲ್ಲೇ ಬೆಸೆದೆ. ನೋಡು, ಸುತ್ತ ಎಲ್ಲ ತುಕ್ಕು ತಿಂದಿದೆ, ಇದೊಂದು ಹಂಗೇ ಇದೆ!"

ಹಳೇ ಟಿಂಕರನ ಎದೆ ಅರವತ್ತೈದನೇ ವಯಸ್ಸಿನಲ್ಲೂ ಒಂದಂಗುಲ ಉಬ್ಬಿತು.

"ಅಪ್ಪಾ... ನಿನ್ನ ಮೇಲೆ ಅನುಮಾನ ಪಟ್ಬಿಟ್ಟೆ," ಎಂದಳು ಅಕ್ಷತ. ಇದು ಮಾತ್ರ ಮೆಲ್ಲಗೆ ಹೇಳಿದರೂ ಅವನಿಗೆ ಕೇಳಿಸಿತು.

"ಅನುಮಾನ ಪಟ್ಟಿದ್ದು ತಪ್ಪಲ್ಲ ಕಣೇ. ಕೆರೆದು ನೋಡ್ದೇ ಇದ್ದಿದ್ದು ತಪ್ಪು. ಬಾ, ಕಣ್ಣೊರೆಸ್ಕೋ."

ಬೈರೇಶ್ ತಲೆ ತಗ್ಗಿಸಿ ನಿಂತಿದ್ದ. "ನಾನೂ ಕೆರೆದು ನೋಡ್ಲಿಲ್ಲ ಮೇಡಂ. ಯಾವನೋ ಹೇಳಿದ್ದು ಕೇಳಿ, ಆಡ್ಬಾರ್ದ ಮಾತು ಆಡ್ಬಿಟ್ಟೆ. ನೀವು ಅಪ್ಪನಿಗೋಸ್ಕರ ಸುಮ್ನಿದ್ರಿ..."

"ಹಿತ್ತಾಳೆ ಕಿವಿ ನಿಮ್ದು," ಎಂದಳು ಅಕ್ಷತ, ಮೂಗೊರೆಸಿಕೊಳ್ಳುತ್ತ. ಬೈಗುಳವೋ ಕ್ಷಮೆಯೋ ಅವನಿಗೆ ತಿಳಿಯಲಿಲ್ಲ. ಅವಳ ತುಟಿಯ ತುದಿ ನೋಡಿದ ಮೇಲೆ ತಿಳಿಯಿತು.

ಅವಳು ನೆಟ್ಟಗೆ ಕ್ಯಾಂಟರಿನ ಹತ್ತಿರ ಹೋಗಿ ಡ್ರೈವರಿಗೆ ಹೇಳಿದಳು. "ಅಣ್ಣಾ, ಖಾಲಿ ಹೋಗಿ. ಈ ಕಾರು ಉಳಿಯುತ್ತೆ. ನಾನು ಉಳಿಸ್ತೀನಿ."

* * *

ಉಳಿಸುವುದು ಹೇಳಿದಷ್ಟು ಸುಲಭವಿರಲಿಲ್ಲ.

ಹಿತ್ತಾಳೆಯ ಪಕ್ಕ ಕರೆಂಟಿನ ಬೆಸುಗೆ ನಿಲ್ಲುವುದಿಲ್ಲ. ಹೊಸ ಹೊಸ್ತಿಲನ್ನು ಹಳೆಯದಕ್ಕೆ ಕೂಡಿಸಬೇಕಾದರೆ ಗ್ಯಾಸು, ಹಿತ್ತಾಳೆಯೇ ಆಗಬೇಕು. ಅಕ್ಷತ ಇಪ್ಪತ್ತೇಳನೇ ವಯಸ್ಸಿನಲ್ಲಿ ಮತ್ತೆ ಅಪ್ಪನ ಶಿಷ್ಯೆಯಾದಳು. ಹತ್ತು ಸಲ ತೂತಾಯಿತು, ಹನ್ನೊಂದನೇ ಸಲ ಕೂಡಿತು. ಗೋಪಾಲಪ್ಪ ಹೊಸ ಬೆಸುಗೆಯ ಮೇಲೆ ಬೆರಳಾಡಿಸಿ, ತನ್ನದು ಎಲ್ಲಿ ಮುಗಿಯಿತು, ಮಗಳದು ಎಲ್ಲಿ ಶುರುವಾಯಿತು ಎಂದು ಹುಡುಕಿದ. ಸಿಗಲಿಲ್ಲ. ಜೇಬಿನಿಂದ ತನ್ನ ಗುರುತಿನ ಉಳಿ ತೆಗೆದು ಅವಳ ಅಂಗೈಯಲ್ಲಿಟ್ಟ. ಮೂರು ಚುಕ್ಕೆಯ ಪಕ್ಕ ಅವಳು ನಾಲ್ಕನೆಯದನ್ನು ಕುಟ್ಟಿದಳು.

ಕುಸಿದ ಛಾವಣಿಯನ್ನು ಒಳಗಿಂದ ತಟ್ಟಿ ತಟ್ಟಿ ಎಬ್ಬಿಸಲು ಒಂದು ತಿಂಗಳು ಹಿಡಿಯಿತು. ಬೈರೇಶ್ ವಾರಕ್ಕೆ ಮೂರು ದಿನ ಬರುತ್ತಿದ್ದ, ಬೈಕು ತಳ್ಳಿಕೊಂಡು. ತಗಡಿನ ಆ ಬದಿ ಅವನು ಒತ್ತಿ ಹಿಡಿದರೆ ಈ ಬದಿ ಅವಳು ತಟ್ಟುತ್ತಿದ್ದಳು. ಮಾತು ಕಡಿಮೆ ಇರುತ್ತಿತ್ತು. ಒಬ್ಬರ ಪೆಟ್ಟು ಇನ್ನೊಬ್ಬರ ಅಂ‌ಗೈಗೆ ತಲುಪುತ್ತಿತ್ತು.

ಶ್ರಾವಣದ ಎರಡನೇ ವಾರ, ಬಾಳೆ ಸುಳಿಯ ಬಣ್ಣದ ಫಿಯಟ್ ಕಾರು ಗುಂಡಸಂದ್ರದ ಬೀದಿಗೆ ಬಂದಾಗ ಓಲಗದವರು ಬಾರಿಸುವುದನ್ನೇ ನಿಲ್ಲಿಸಿದರು! ಹಿಂದೆಂದೋ ಇದೇ ಕಾರಿನಲ್ಲಿ ಹೋಗಿದ್ದ ಹೆಣ್ಣುಮಕ್ಕಳು ತವರಿಗೆ ಮದುವೆಗೆಂದು ಬಂದಿದ್ದರು. ಅವರೆಲ್ಲ ಸುತ್ತುಗಟ್ಟಿ ನಿಂತು, ನಾನಿಲ್ಲಿ ಕೂತಿದ್ದೆ, ನಾನಿಲ್ಲಿ ಅತ್ತಿದ್ದೆ ಎಂದು ಕಾರಿನ ಮೈ ಸವರಿದರು. ಮೂಲೆಯಲ್ಲಿ ನಿಂತ ಅಕ್ಷತಳ ತಲೆ ಹೆಮ್ಮೆಯಿಂದ ತಾನಾಗಿಯೇ ಎತ್ತರವಾಯಿತು.

ಸಿಂಚನಳನ್ನು ಕರೆತಂದರು. ಬೈರೇಶ್‌ನ ತಾಯಿ ವರಲಕ್ಷ್ಮಮ್ಮ ಹೊಸ್ತಿಲಿಗೆ ಅರಿಶಿನ ಹಚ್ಚಿ, ಕುಂಕುಮ ಇಟ್ಟು, ಹಾಲಿನ ಚೊಂಬು ಎತ್ತಿದರು...

"ಕೈ ತೆಗೀರಿ ಅಮ್ಮಾ! ಅದನ್ನ ಹಾಕ್ಬೇಡಿ!"

ಇಡೀ ದಿಬ್ಬಣ ಅವಳ ಕಡೆ ತಿರುಗಿತು. ಕೂಗಿದ ಅಕ್ಷತ ನಾಲಿಗೆ ಕಚ್ಚಿಕೊಂಡಳು. ಬೈರೇಶ್ ಮಾತ್ರ ತಲೆ ತಗ್ಗಿಸಿ ನಗು ನುಂಗುತ್ತಿದ್ದ.

ಎಪ್ಪತ್ತು ದಾಟಿದ ನರಸಮ್ಮ ಕೋಲೂರಿಕೊಂಡು ಮುಂದೆ ಬಂದರು. ಅಕ್ಷತಳ ಕೈ ಹಿಡಿದು, ಉಗುರು ಸಂದಿಯ ಕಪ್ಪನ್ನೂ, ಅಂಗೈಯ ಸುಟ್ಟ ಗುರುತನ್ನೂ ನೋಡಿದರು.

"ಈ ಮಗಳು ಹೇಳೋದು ಸರಿಯಾಗೈತೆ ಕಣ್ರವ್ವಾ. ಐವತ್ತು ವರ್ಷ ಕಾರಿಗೆ ಹಾಲು ಕುಡಿಸಿದ್ದು ಸಾಕು. ಇವತ್ತಿಂದ ಹಾಲನ್ನ ಹುಡುಗಿಗೆ ಕುಡಿಸ್ರಿ, ಕಾರಿಗೆ ಅರಿಶಿನ ಕುಂಕುಮ ಸಾಕು."

ಸಿಂಚನ ಹಾಲು ಕುಡಿದು, ಹಸಿರು ಹೊಸ್ತಿಲ ಮೇಲೆ ಕಾಲಿಟ್ಟು, ನಲವತ್ತೆರಡನೇ ರಾಣಿಯಾಗಿ ಹತ್ತಿ ಕೂತಳು.

* * *

ದೂರದ ಓಟದಲ್ಲಿ ಕಾರಿನ ಸದ್ದು ಕೇಳಬೇಕು ಎಂಬ ನೆಪದಲ್ಲಿ ಅಕ್ಷತ ಮುಂದಿನ ಸೀಟಿನಲ್ಲಿ ಕೂತು ದಿಬ್ಬಣದ ಜೊತೆ ಹೋಗಿದ್ದಳು. ತಂಗಿಯನ್ನು ಗಂಡನ ಮನೆಗೆ ಬಿಟ್ಟು ವಾಪಸ್ ಬರುವಾಗ ಸಂಜೆ ಬಿಸಿಲು ರಾಗಿ ಹೊಲದ ಮೇಲೆ ಮಲಗಿತ್ತು. ಹಿಂದಿನ ಸೀಟು ಖಾಲಿ.

ಊರ ಬಾಗಿಲಲ್ಲಿ ಬೈರೇಶ್ ಕಾರು ನಿಲ್ಲಿಸಿದ.

"ಯಾಕೆ, ಏನಾದ್ರೂ ಸದ್ದು ಬಂತಾ?" ಅಕ್ಷತ ಗಾಬರಿಯಾದಳು.

"ಬರ್ತಾನೇ ಇದೆ. ಮೂರು ತಿಂಗಳಿಂದ. ಎದೆ ಹತ್ರ."

ಅವನು ಸೀಟಿನ ಕೆಳಗಿಂದ ಒಂದು ಕವರ್ ತೆಗೆದು ಅವಳ ಮಡಿಲಲ್ಲಿಟ್ಟ. ಬಿಚ್ಚಿದಳು. ರೇಷ್ಮೆ ಸೀರೆ... ಬಾಳೆ ಸುಳಿಯ ಹಸಿರು, ಅಂಚಿಗೆ ಹಿತ್ತಾಳೆಯ ಹಳದಿ.

"ನೂಲನ್ನ ಬಣ್ಣಕ್ಕೆ ಹಾಕಿಸ್ದೆ. ಬೇರೆ ಯಾರ ಕೈಗೂ ಕೊಡ್ದೆ ನಾನೇ ನೇಯ್ದೆ," ಎಂದ ಅವನು. "ಅಕ್ಷತ, ಈ ಕಾರಲ್ಲಿ ಊರು ಬಿಟ್ಟು ಹೋದೋರು ನಲವತ್ತೆರಡು ಜನ. ಊರಿಗೆ ಬಂದೋಳು ನಮ್ಮಜ್ಜಿ ಒಬ್ಳೇ. ಇನ್ನೊಬ್ಳು... ಬರಬಹುದಾ?"

ಅವಳ ಕಣ್ಣು ತುಂಬಿ ಬಂದವು. ಸೀರೆಯ ಅಂಚಿನ ಮೇಲೆ ಬೆರಳಾಡಿಸಿದಳು. ಎಲ್ಲೂ ಒಂದು ಎಳೆ ತಪ್ಪಿರಲಿಲ್ಲ.

"ಮೂರು ದಿನ ನೋಡದೆ ಮಾತು ಕೊಡಲ್ಲ ಅಲ್ವಾ ನೀವು? ಕಾಯ್ತೀನಿ," ಎಂದ ಅವನು ಆತಂಕದಿಂದ.

"ಮೂರು ತಿಂಗಳಿಂದ ನೋಡ್ತಾನೇ ಇದ್ದೀನಿ. ತಟ್ಟಿ ನೋಡಿದ್ದೂ ಆಯ್ತು, ಕೆರೆದು ನೋಡಿದ್ದೂ ಆಯ್ತು. ಗಟ್ಟಿ ಇದ್ದೀರ."

"ಅಂದ್ರೆ... ಬರ್ತೀರಾ?"

"ಬರ್ತೀನಿ. ಆದ್ರೆ ಸುತ್ತಿಗೆ ಬಿಡಲ್ಲ, ಬೋರ್ಡೂ ಇಳಿಸಲ್ಲ."

"ಇಳಿಸಿದ್ರೆ ನಮ್ಮಜ್ಜಿ ನನ್ನನ್ನೇ ಮನೆಯಿಂದ ಇಳಿಸ್ತಾರೆ."

ಅವಳು ಕಣ್ಣೀರಿನಲ್ಲೇ ನಕ್ಕಳು. ಬಾಗಿಲು ತೆಗೆದು ಇಳಿದು, ಕಾರಿನ ಸುತ್ತ ನಡೆದು ಬಂದು, ಅವನ ಕಿಟಕಿಯ ಮುಂದೆ ಕೈ ಚಾಚಿದಳು.

"ಕೀ ಕೊಡಿ, ಇಲ್ಲಿಂದ ನಾನು ಓಡಿಸ್ತೀನಿ. ಮದುವೆ ದಿನಾನೂ ಅಷ್ಟೇ."

"ಮದುವಣಗಿತ್ತಿ ಹಿಂದೆ ಕೂರ್ಬೇಕು ಕಣ್ರೀ! ಅದು ಪದ್ಧತಿ!"

"ಬೆಳಗ್ಗೆ ಒಂದು ಪದ್ಧತಿ ಬದಲಾಯಿಸ್ಲಿಲ್ವಾ? ಇದೇನು ಮಹಾ. ಜರುಗಿ ಆಕಡೆ."

ಅವನು ಕೀ ಕೊಟ್ಟು, ಪಕ್ಕದ ಸೀಟಿಗೆ ಜರುಗಿದ.